ಮೂರು ಬೆರಳಿನ ಬೆಕ್ಕು

“ಗಂಟುಬ್ಯಾನಿ ಹತ್ತಿದ ಬೆಕ್ಕನ್ನು ಬಿಡಲಾರದೆ ಖಾಲಾ ಅದರೊಡನೆಯೇ ಸತ್ತಳು.” ಶಹಾಬಾದಿನ ನಮ್ಮ ಓಣಿಯಲ್ಲಿ ಇಂದಿಗೂ ಹೀಗೆಯೇ ಹೇಳುತ್ತಾರೆ. ಹೇಳುವವರಲ್ಲಿ ಒಬ್ಬರೂ ಕಂಡವರಲ್ಲ. ನಿನ್ನೆ ನನ್ನ ಹಲ್ಲುನೋವಿಗೆ ಮಗಳು ಬಿಸಿ ಉಪ್ಪುನೀರಿನಲ್ಲಿ ಬಟ್ಟೆ ಅದ್ದಿ ಕೆನ್ನೆಗೆ ಒತ್ತಿದಳು. ಆ ಹಸಿಬಟ್ಟೆಯ ವಾಸನೆ ಮೂಗಿಗೆ ಬಡಿದಾಗಿನಿಂದ ಕುಳಿತಲ್ಲಿ ಕೂಡಲಾಗುತ್ತಿಲ್ಲ...

ಖಾಲಾ ಎಂದರೆ ಚಿಕ್ಕಮ್ಮ; ಓಣಿಯೆಲ್ಲ ಹಾಗೆ ಕರೆಯುತ್ತಿದ್ದ ಅವಳು ನಮ್ಮ ಪಕ್ಕದ ಮನೆಯ ವಿಧವೆ. ಅವಳ ಬೆಕ್ಕು ಮರಿಯಾಗಿದ್ದಾಗಲೇ ನೆಲಕ್ಕೆ ಹಾಸುವ ಫರಸಿಕಲ್ಲಿನ ಕೆಳಗೆ ಸಿಕ್ಕು, ಬಲ ಮುಂಗಾಲಿನಲ್ಲಿ ನೆಲಕ್ಕೂರುವ ನಾಲ್ಕು ಬೆರಳುಗಳ ಪೈಕಿ ಒಂದನ್ನು ಕಳೆದುಕೊಂಡಿತ್ತು. ಅದು ನಿಜಾಮರ ಕಾಲ. ಪ್ಲೇಗಿಗೆ ಗಂಟುಬ್ಯಾನಿ ಎನ್ನುತ್ತಿದ್ದರು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಓಣಿಗೆ ಓಣಿಯೇ ಹೊಲದ ಜೋಪಡಿಗಳಿಗೆ ಹೊರಡುತ್ತಿತ್ತು. ಆ ವರ್ಷ ನಾವು ಸಾಮಾನು ಹೊರುತ್ತಿದ್ದಾಗ ಬೆಕ್ಕಿನ ಎಡಗೆನ್ನೆ ಊದಿ ಕಣ್ಣು ಮುಚ್ಚಿಹೋಗಿತ್ತು. ಓಣಿಯ ಗೌಡರು ಗೋಣಿಚೀಲ ಹಿಡಿದು ಬಂದರು.

“ಇದನ್ನ ಕಾಗಿಣಾ ಹೊಳ್ಯಾಗ ಹಾಕಿ ಬಾ ಖಾಲಾ. ಇಲ್ಲಾಂದ್ರ ಜೋಪಡಿ ಕಡಿ ಬರಬ್ಯಾಡ.”

“ಹೋದ ವರ್ಷ ದವಡಿಹಲ್ಲು ನೋಯ್ದಾಗ ನಿಮ್ಮ ಮಾರಿನೂ ಹಿಂಗೇ ಊದಿತ್ತಲ್ರಿ ಗೌಡ್ರ. ನಿಮ್ಮನ್ನ ಯಾರರ ಚೀಲದಾಗ ಹಾಕಿದ್ರೇನು? ಮೊದ್ಲ ಮಾರಿ ನೋಡ್ರಿ.”

ಗೌಡರು ಚೀಲವನ್ನು ಹೊಸ್ತಿಲಲ್ಲೇ ಒಗೆದು ಹಿಂದೆ ಸರಿದರು; ಯಾರೂ ಹತ್ತಿರ ಹೋಗಲಿಲ್ಲ. ನನ್ನ ಅವ್ವ ಮಾತ್ರ ಹೊಸ್ತಿಲಾಚೆಯಿಂದ ಬಾಗಿ ನೋಡಿದಳು: ಊತ ಒಂದೇ ಕಡೆ, ಕೂದಲ ನಡುವೆ ಹಲ್ಲು ಇಳಿದ ತೂತು. ಗಂಡುಬೆಕ್ಕಿನ ಜೊತೆ ಕಚ್ಚಾಡಿದ ಗಾಯ ಕೀವು ಕಟ್ಟಿದೆಯೆಂಬುದು ಖಾಲಾಳ ಎಣಿಕೆ. ಖಚಿತ ಅವಳಿಗೂ ಇರಲಿಲ್ಲ... ಆದ್ದರಿಂದಲೇ ಬೆಕ್ಕನ್ನು ಬುಟ್ಟಿಯಡಿ ಬೇರೆ ಇಟ್ಟಳು, ತಾನೂ ಯಾರ ಬಳಿಗೂ ಸುಳಿಯಲಿಲ್ಲ. ಉಪ್ಪುನೀರಿನ ಬಟ್ಟೆ ಒತ್ತುತ್ತ, ಬರಿದಾದ ಓಣಿಯಲ್ಲಿ ಒಬ್ಬಳೇ ಉಳಿದಳು.

ಹೊಲದಿಂದ ನಾವು ಅವಳ ಒಲೆಯ ಹೊಗೆಯನ್ನು ಹುಡುಕುತ್ತಿದ್ದೆವು. ಹೊಗೆ ಕಾಣದ ದಿನ ಅವ್ವ ಉಣ್ಣಲಿಲ್ಲ. ಖಾಲಾ ಸತ್ತಳೆಂಬ ಮಾತು ಹುಟ್ಟಿದ್ದು ಅಂದೇ. ಹುಟ್ಟಿದ ಮಾತು ಮತ್ತೆ ಸಾಯಲಿಲ್ಲ.

ಸತ್ತವಳೆನಿಸಿಕೊಂಡವಳು ಒಂದು ಮಧ್ಯಾಹ್ನ ಹೊಲದ ಬದುವಿನಾಚೆ ನಿಂತು ಕೂಗಿದಳು: “ಕೀವೆಲ್ಲಾ ಒಡದು ಹೋಗ್ಯಾದ. ಹಾಲು ಕುಡಿಲಿಕತ್ತದ. ಗೌಡ್ರ ಚೀಲ ಹೊಳ್ಳಿ ಕೊಡ್ಲೇನು?”

ಅವ್ವ ನಗುತ್ತ ಅತ್ತಳು.

ನಿಜಾಮರ ಆಳ್ವಿಕೆ ಮುಗಿದ ವರ್ಷ ಖಾಲಾ ತಮ್ಮನ ಮನೆಗೆಂದು ಹೈದರಾಬಾದಿಗೆ ಹೋದಳು. ಆಮೇಲೆ ಸುದ್ದಿಯಿಲ್ಲ. ಎಲ್ಲಿ ಮಣ್ಣಾದಳೋ... ಗೊತ್ತಿಲ್ಲ, ಗೊತ್ತಿಲ್ಲವೆಂದೇ ಬರೆಯುತ್ತೇನೆ. ಆದರೆ ಆ ಗಂಟುಬ್ಯಾನಿಯ ವರ್ಷ ಜೋಪಡಿಯಿಂದ ಮರಳಿದ ಮೇಲೆ ಅಪ್ಪ ನಮ್ಮ ಮನೆಯ ಮೆಟ್ಟಿಲಿಗೆ ಹೊಸ ಗಚ್ಚು ಹಾಕಿಸಿದ್ದ. ಆರುವ ಮೊದಲೇ ಅದರ ಮೇಲೆ ನಡೆದುಹೋದ ಬೆಕ್ಕಿನ ಹೆಜ್ಜೆ ಇಂದಿಗೂ ಇದೆ. ಸಂಶಯವಿದ್ದವರು ಬಂದು, ಕುಳಿತು, ಬಲ ಮುಂಗಾಲಿನ ಗುರುತಿನಲ್ಲಿ ಬೆರಳುಗಳನ್ನು ಎಣಿಸಲಿ.

ಮೂರೇ ಇವೆ.