ಪರದೆಯ ಮೇಲೆ ಮೂರು ಜೀವ

ಬೆಳಗಿನ ಜಾವದ ಸಿಂಧನೂರು. ಗಂಗಾವತಿ ರಸ್ತೆಯ ಅಕ್ಕಿ ಗಿರಣಿಗಳು ಇನ್ನೂ ಶುರುವಾಗಿಲ್ಲ. ಗೊಬ್ಬರದ ಅಂಗಡಿಯ ಮಗ್ಗುಲಿನ ಸಣ್ಣ ಮಳಿಗೆಯ ಷಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ನುಸುಳಿದರೆ, ಒಬ್ಬರು ಸೈಕಲ್ ಪಂಪು ಹಿಡಿದು ಟಿ.ವಿ.ಗೆ ಗಾಳಿ ಹೊಡೆಯುತ್ತಿದ್ದಾರೆ. ಟಿ.ವಿ.ಗೆ ಗಾಳಿ ಹೊಡೆಯುವವರನ್ನು ನಾನಂತೂ ಮೊದಲ ಸಲ ನೋಡುತ್ತಿದ್ದೇನೆ. ಪಂಪು ಒತ್ತಿದಂತೆಲ್ಲ ಪೆಟ್ಟಿಗೆಯ ಹಿಂದಿನಿಂದ ಭತ್ತದ ಹೊಟ್ಟಿನ ಧೂಳು ಬುಸ್ಸೆಂದು ಏಳುತ್ತದೆ. ಅವರು ಮೂಗಿಗೆ ಟವೆಲ್ಲು ಒತ್ತಿಕೊಂಡು ಕೆಮ್ಮುತ್ತಾರೆ, ಮತ್ತೆ ಪಂಪು ಹಿಡಿಯುತ್ತಾರೆ.

ಇವರು ಶೇಕ್ಷಾವಲಿ. ಸಿಂಧನೂರು, ಮಸ್ಕಿ, ಲಿಂಗಸುಗೂರು, ಈ ಮೂರು ಊರುಗಳ ವಿಡಿಯೋ ಗೇಮ್ ಅಂಗಡಿಗಳಲ್ಲಿ ಯಾವ ಮಿಷಿನ್ ಕೆಟ್ಟರೂ ಇವರೇ ಬರಬೇಕು. ಆಳೆತ್ತರದ ಮರದ ಪೆಟ್ಟಿಗೆ, ಅದರೊಳಗೊಂದು ಟಿ.ವಿ., ಮುಂದೆ ಒಂದು ಹಿಡಿಕೆ, ನಾಲ್ಕು ಗುಂಡಿ. ನಾಣ್ಯ ಹಾಕಿದರೆ ವಿಮಾನ ಹಾರುತ್ತದೆ, ಎದುರಿನ ವಿಮಾನಗಳನ್ನು ಹೊಡೆದುರುಳಿಸಬೇಕು. ನಮ್ಮ ವಿಮಾನಕ್ಕೆ ಮೂರು ಜೀವ. ಮೂರೂ ಹೋದರೆ ಆಟ ಮುಗಿಯಿತು. ಈ ಬೇಸಿಗೆ ಸೂಟಿಯಲ್ಲಿ ಮೂರೂ ಊರಿನ ಹುಡುಗರಿಗೆ ಇದೇ ಹುಚ್ಚು.

ಶೇಕ್ಷಾವಲಿಯವರ ತಂದೆ ಅಮೀನ್‌ಸಾಬ್ ಮದುವೆ ಮೆರವಣಿಗೆಯ ಗ್ಯಾಸ್‌ಲೈಟ್ ರಿಪೇರಿ ಮಾಡುತ್ತಿದ್ದರು. ಮಗ ರಾಯಚೂರಿನ ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತು ಬರುವ ಹೊತ್ತಿಗೆ ಊರಿಗೆ ಟಿ.ವಿ. ಬಂದಿತ್ತು. ಎಂಬತ್ತರ ದಶಕದ ಆ ದಿನಗಳಲ್ಲಿ ಮಾಳಿಗೆ ಮಾಳಿಗೆ ಹತ್ತಿ ಆಂಟೆನಾ ತಿರುವಿದ್ದು, ಕೆಳಗಿನಿಂದ ಇಡೀ ಓಣಿ ‘ಬಂತು, ಬಂತು, ಹೋತು’ ಎಂದು ಕೂಗಿದ್ದು, ಇಳಿದ ಮೇಲೆ ಮನೆಯವರು ಚಹಾ ಕೊಟ್ಟು ಕೂರಿಸಿದ್ದು, ಇದನ್ನು ಹೇಳುವಾಗ ಮಾತ್ರ ಅವರ ಮುಖ ಅರಳುತ್ತದೆ. ಗೇಮ್ ಬಂದ ಮೇಲೆ ಚಹಾ ಕೊಡುವವರಿಲ್ಲ. ಮಕ್ಕಳನ್ನು ಹುಡುಕಿಕೊಂಡು ಬರುವ ತಾಯಂದಿರು ಇವರನ್ನೂ ಸೇರಿಸಿ ಶಾಪ ಹಾಕಿ ಹೋಗುತ್ತಾರೆ.

ಕೆಲಸವಾದರೂ ಸಲೀಸೇ? ಮಿಷಿನ್ ಜೊತೆ ಒಂದು ಕಾಗದವಿಲ್ಲ, ನಕ್ಷೆಯಿಲ್ಲ. ಎಲ್ಲೋ ಮಾಡಿದ್ದನ್ನು ಇನ್ನೆಲ್ಲೋ ನಕಲು ಮಾಡಿ, ಹೈದರಾಬಾದಿನಲ್ಲಿ ಹೆಸರು ಬದಲಿಸಿ ಇಲ್ಲಿಗೆ ಸಾಗಹಾಕುತ್ತಾರೆ. ಹೊಸ ಆಟ ಎಂದು ತಂದರೆ ಹಳೆಯದೇ ಬಣ್ಣ ಬಳಿದುಕೊಂಡು ಬಂದಿರುತ್ತದೆ. ಹಿಡಿಕೆಯ ರಬ್ಬರು ಹರಿದರೆ ಸೈಕಲ್ ಟ್ಯೂಬು ಕತ್ತರಿಸಿ ಹಾಕಬೇಕು, ಗುಂಡಿಯ ಸ್ಪ್ರಿಂಗಿಗೆ ಬಾಲ್‌ಪೆನ್ನು ಬಿಚ್ಚಬೇಕು. “ಮಾಡಿದವರಿಗೆ ಇದು ಎಲ್ಲಿಗೆ ಹೊಕ್ಕೈತಿ ಅಂತ ಗೊತ್ತಿಲ್ರಿ. ಸಿಂಧನೂರಾಗ ಹೊಟ್ಟಿನ ಧೂಳ ಐತಿ, ಕರೆಂಟ ನೆಟ್ಟಗಿಲ್ಲ ಅಂತ ಅವರಿಗೆ ಯಾರ ಹೇಳಬೇಕು? ಮಾರಿ ಕೈ ತೊಳಕೊಂಡ್ರು” ಎಂದು ಗೊಣಗುತ್ತಾರೆ.

ನಾನು ಬಂದದ್ದು ಇವರ ಬಗ್ಗೆ ನಮ್ಮ ಪೇಪರಿಗೆ ಹೊಗಳಿ ಬರೆಯಲು. ಈ ಆಸಾಮಿ ಹೊಗಳಿಸಿಕೊಳ್ಳಲು ತಯಾರಿಲ್ಲ. ಜಾಣತನದ ಕೆಲಸ ಎಂದರೆ ಮುಖ ಆ ಕಡೆ ತಿರುಗಿಸುತ್ತಾರೆ. ಇದೇನಪ್ಪ, ಇಷ್ಟು ಸಂಕೋಚವೇ ಎಂದು ಒಳಗೊಳಗೇ ರೇಗಿಕೊಂಡು ಅವರ ಜೊತೆ ಮಸ್ಕಿಯ ಬಸ್ಸು ಹತ್ತುತ್ತೇನೆ.

ಮಸ್ಕಿಯ ಅಂಗಡಿ ದೊಡ್ಡಬಸಪ್ಪನವರದು, ಬಸ್‌ಸ್ಟ್ಯಾಂಡಿನ ಹಿಂದೆ. ಒಂದು ಮಿಷಿನ್ನಿನ ಮುಂದೆ ಆಗಲೇ ಗುಂಪು. ಆಡುವವನು ಒಬ್ಬ, ಅವನ ಬೆನ್ನಿಗೆ ಹತ್ತು ಜನ. ಒಂದು ಜೀವ ಹೋದರೆ ಸಾಕು, ‘ಸತ್ತ ಲೇ, ಸತ್ತ’ ಎಂದು ಕುಣಿಯುತ್ತಾರೆ. ಗೆದ್ದವನನ್ನು ಹೊಗಳುವುದಕ್ಕಿಂತ ಸೋತವನನ್ನು ಹಂಗಿಸುವುದರಲ್ಲೇ ಅವರಿಗೆ ಹೆಚ್ಚು ಮಜಾ. ಸೋತವನು ಸಿಟ್ಟಿಗೆ ಪೆಟ್ಟಿಗೆಯನ್ನು ಒದೆಯುತ್ತಾನೆ. ಅದನ್ನೂ ಶೇಕ್ಷಾವಲಿಯೇ ರಿಪೇರಿ ಮಾಡಬೇಕು.

ಕೆಟ್ಟಿದ್ದ ಇನ್ನೊಂದು ಮಿಷಿನ್ನಿನ ಹಿಡಿಕೆ ಸರಿಹೋದ ಮೇಲೆ ದೊಡ್ಡಬಸಪ್ಪ, ಸೂಟಿ ಶುರುವಾಯಿತಲ್ಲ, ಹಂಗೇ ಇದನ್ನೂ ಒಂಚೂರು ಬಿಗಿ ಮಾಡಿ ಹೋಗು ಎನ್ನುತ್ತಾರೆ. ಹಿಡಿಕೆ ಅಲುಗಾಡುತ್ತಿರಬೇಕು, ಸ್ಕ್ರೂ ಬಿಗಿ ಮಾಡಲು ಹೇಳುತ್ತಿದ್ದಾರೆ ಎಂದುಕೊಳ್ಳುತ್ತೇನೆ. ಶೇಕ್ಷಾವಲಿ ಮಾತ್ರ ಸ್ಕ್ರೂ ಡ್ರೈವರ್ ತಂದಿಲ್ಲ ಎನ್ನುತ್ತಾರೆ. ಅದು ಅವರ ಕೈಯಲ್ಲೇ ಇದೆ! ದೊಡ್ಡಬಸಪ್ಪ ಅದನ್ನು ನೋಡುತ್ತಾರೆ, ಅವರ ಮುಖ ನೋಡುತ್ತಾರೆ. ಶೇಕ್ಷಾವಲಿ ಕಿವಿಯವರೆಗೆ ಕೆಂಪಾಗಿ ಚೀಲ ಎತ್ತಿಕೊಂಡು ಹೊರಬೀಳುತ್ತಾರೆ.

ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕುಳಿತು, ಸುಳ್ಳು ಯಾಕೆ ಹೇಳಿದಿರಿ ಎಂದು ಕೇಳುತ್ತೇನೆ. ಚೀಲವನ್ನು ಬೆಂಚಿನ ಕೆಳಗೆ ತಳ್ಳಿ ಹೇಳುತ್ತಾರೆ: “ಬಿಗಿ ಅಂದ್ರ ಸ್ಕ್ರೂ ಬಿಗಿ ಅಲ್ರಿ. ಆಡೋರ ಕುತ್ತಿಗಿ ಬಿಗಿ.”

ಪೆಟ್ಟಿಗೆಯ ಒಳಗಿನ ಹಲಗೆಯ ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಗುಂಡಿಗಳ ಸಾಲೊಂದಿದೆ. ಒಂದನ್ನು ಸರಿಸಿದರೆ ಮೂರು ಜೀವ ಎರಡಾಗುತ್ತದೆ. ಇನ್ನೊಂದನ್ನು ಸರಿಸಿದರೆ ಎದುರಿನ ವಿಮಾನಗಳು ಜೋರಾಗಿ ನುಗ್ಗುತ್ತವೆ. ಬೇಗ ಸೋತರೆ ಬೇಗ ಇನ್ನೊಂದು ನಾಣ್ಯ, ಅಷ್ಟೇ ಲೆಕ್ಕ. ಬೆಳಿಗ್ಗೆ ನಾವಿದ್ದ ಸಿಂಧನೂರಿನ ಮಳಿಗೆಯ ಮಾಲೀಕ, ಗೊಬ್ಬರದ ಅಂಗಡಿಯ ಹಂಪಣ್ಣ ಮೊದಲು ಜೀವ ಎರಡು ಮಾಡಿಸಿದರಂತೆ. ಪರದೆಯ ಮೇಲೆ ಎರಡೇ ಕಂಡು ಹುಡುಗರು ಗದ್ದಲ ಎಬ್ಬಿಸಿದರು. ಆಗ ಹಂಪಣ್ಣ, ಕಣ್ಣಿಗೆ ಕಾಣದಂಥದ್ದು ಏನಾದರೂ ಇದ್ದರೆ ಮಾಡು ಎಂದರು. ಶೇಕ್ಷಾವಲಿ ಮೊದಲನೆಯದನ್ನು ವಾಪಸು ಸರಿಸಿ, ಎರಡನೇ ಗುಂಡಿ ಸರಿಸಿದರು. ಲೆಕ್ಕಕ್ಕೆ ಜೀವ ಮೂರೇ, ಬಾಳುವುದು ಒಂದೂವರೆಯಷ್ಟು. ಅದು ಮೂರೂ ಊರಿಗೆ ಹಬ್ಬಿತು, ಅದಕ್ಕೆ ‘ಬಿಗಿ’ ಎಂಬ ಹೆಸರೂ ಬಿತ್ತು.

“ಆ ಗುಂಡಿ ನಾ ಇಟ್ಟಿದ್ದಲ್ರಿ. ಆಟ ಮಾಡಿದವ್ರ ಇಟ್ಟು ಕಳಿಸ್ಯಾರ. ಆಡಾಕ ಬಂದವರನ್ನ ಸೋಲಸಾಕ ದಾರಿ ಇಡ್ತಾರಂದ್ರ ಎಂಥಾ ಮಂದಿರಿ ಅವ್ರು?” ಎಂದು ಸಿಟ್ಟಿನಿಂದ ಶುರುಮಾಡಿದ ದನಿ ಅಲ್ಲಿಗೇ ಕುಸಿಯುತ್ತದೆ. “ಆದ್ರ ಸರಿಸಿದ ಬೆರಳು ನಂದ ಐತಿ.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನಾವು ನಗುತ್ತೇವೆ. ಇಲ್ಲಿ ನೆಲವೇ ಡೊಂಕು, ಕುಣಿಯುವವರು ಪಾಪ ತಮ್ಮ ಕಾಲನ್ನು ಬೈದುಕೊಳ್ಳುತ್ತಿದ್ದಾರೆ. ಮಿಷಿನ್ ಮೋಸ ಮಾಡಬಹುದು ಎಂದು ಯಾರಿಗೂ ಹೊಳೆದಿಲ್ಲ. ಎಲ್ಲರೂ ತಮ್ಮ ಕೈ ಕೆಟ್ಟಿತು, ಯಾರದೋ ದೃಷ್ಟಿ ತಾಗಿತು ಎಂದುಕೊಂಡಿದ್ದಾರೆ. ದೃಷ್ಟಿ ತಾಗಿದರೆ ಸಿಂಧನೂರಿನವರು ಹೋಗುವುದು ಪೀರ್‌ಬೀ ಅವರ ಮನೆಗೆ. ಅವರು ಕಣ್ಣು ಮುಚ್ಚಿ ದೇವರ ಹೆಸರು ಹೇಳಿ ಊದಿ, ಕಪ್ಪು ದಾರ ಕಟ್ಟುತ್ತಾರೆ. ಯಾರಿಂದಲೂ ಒಂದು ಕಾಸೂ ಮುಟ್ಟುವುದಿಲ್ಲ. ಆ ಪೀರ್‌ಬೀ ಶೇಕ್ಷಾವಲಿಯ ತಾಯಿ.

ಮೊದಮೊದಲು ಸೋತ ಹುಡುಗರು ದಾರ ಕಟ್ಟಿಸಿಕೊಳ್ಳಲು ಬಂದಾಗ ಶೇಕ್ಷಾವಲಿಗೆ ನಗು ಬಂದಿತ್ತಂತೆ. ಆಮೇಲೆ ದುರುಗಪ್ಪ ಬಂದ. ದುರುಗಪ್ಪ ಹತ್ತಿರದ ಮುಕ್ಕುಂದ ಊರಿನವನು, ಗಿರಣಿಯಲ್ಲಿ ಹಮಾಲ. ದಿನವೂ ಚೀಲ ಹೊರುವ ಮುಂಚೆ ಒಂದು ಆಟ ಆಡಿಯೇ ಹೋಗುವ ಚಟ, ಹುಡುಗರ ಬಾಯಲ್ಲಿ ಅವನು ‘ಉಸ್ತಾದ್’. ಬಿಗಿಯಾದ ಮೇಲೆ ಉಸ್ತಾದ್ ದಿನದಿನವೂ ಸೋತ. ಹುಡುಗರು ಹಂಗಿಸಿದರು. ಅದನ್ನಾದರೂ ತಡೆದುಕೊಳ್ಳುತ್ತಿದ್ದ, ಆದರೆ ಅವನ ಅಪ್ಪ ಮುದುಕಪ್ಪನಿಗೆ ಲಕ್ವಾ ಹೊಡೆದದ್ದು ಬಲಗೈಯಿಂದಲೇ ಶುರುವಾಗಿತ್ತು. ಹಿಡಿಕೆ ಹಿಡಿದ ಬಲಗೈ ಮಾತು ಕೇಳುತ್ತಿಲ್ಲ, ತನಗೂ ಬಂತು ಎಂದು ಹೆದರಿದ. ಚೀಲ ಹೊತ್ತು ಲಾರಿಯ ಹಲಗೆ ಹತ್ತುವುದನ್ನೇ ಬಿಟ್ಟ. ಹೆಂಡತಿ ಆದಮ್ಮ ಅವನನ್ನು ಪೀರ್‌ಬೀ ಹತ್ತಿರ ಕರೆತಂದಳು.

“ನಾ ಅಲ್ಲೇ ಕುಂತು ರೊಟ್ಟಿ ತಿನ್ನಾಕತ್ತಿದ್ದೆ. ಅಮ್ಮ ಅವನ ಹೆಬ್ಬೆರಳ ಹಿಡದು ಊದಿದ್ಲು. ಮಗ ಕೆಡಿಸಿದ್ದಕ್ಕ ತಾಯಿ ಊದಾಕತ್ತಾಳ. ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಬಾಯಾಗಿನ ತುತ್ತು ಒಳಗ ಹೋಗ್ಲಿಲ್ಲ, ಖರೇ ಮಾತೂ ಹೊರಗ ಬರ್ಲಿಲ್ಲ.”

ಅದಾಗಿ ಕೆಲವು ವಾರಗಳೇ ಕಳೆದಿವೆ. ತಾಯಿಗೂ ಹೇಳಿಲ್ಲ, ದುರುಗಪ್ಪನಿಗೂ ಹೇಳಿಲ್ಲ. ಹೇಳಿದರೆ ತಾಯಿ ಮುಖ ನೋಡುವುದಿಲ್ಲ ಎಂಬ ಭಯ. ಹೇಳದೆ ಇವರೇ ತಾಯಿಯ ಮುಖ ನೋಡಲಾರದೆ ನಸುಕಿನಲ್ಲೇ ಮನೆ ಬಿಡುತ್ತಿದ್ದಾರೆ.

ಲಿಂಗಸುಗೂರಿನ ಬಸ್ಸು ಬಂದು ನಿಲ್ಲುತ್ತದೆ. ಅಲ್ಲಿಯೂ ಮಿಷಿನ್ ಕೆಟ್ಟಿದೆ, ಕಾಯುತ್ತಿದ್ದಾರೆ. ಶೇಕ್ಷಾವಲಿ ಹತ್ತುವುದಿಲ್ಲ. ಎದ್ದು ರಸ್ತೆ ದಾಟಿ, ಸಿಂಧನೂರಿನ ಕಡೆ ಹೊರಟಿದ್ದ ಬಸ್ಸಿಗೆ ಕೈ ಮಾಡುತ್ತಾರೆ. ನಾನು ಓಡೋಡಿ ಹತ್ತಿಕೊಳ್ಳುತ್ತೇನೆ.

ಗಿರಣಿಯ ಅಂಗಳದಲ್ಲಿ ದುರುಗಪ್ಪ ಹೊಟ್ಟು ಗುಡಿಸುತ್ತಿದ್ದಾನೆ. ಕಂಬದಂಥ ಆಳು. ಬಲಗೈಯನ್ನು ಸೊಂಟಕ್ಕೆ ಒತ್ತಿ ಹಿಡಿದು ಎಡಗೈಯಲ್ಲಿ ಪೊರಕೆ ಆಡಿಸುತ್ತಿದ್ದಾನೆ. ಶೇಕ್ಷಾವಲಿ ಅವನ ಪೊರಕೆ ಕಸಿದಿಟ್ಟು ಹಂಪಣ್ಣನ ಮಳಿಗೆಗೆ ಕರೆತರುತ್ತಾರೆ. ಮಧ್ಯಾಹ್ನದ ಹೊತ್ತು, ಒಳಗೆ ಯಾರೂ ಇಲ್ಲ. ಪೆಟ್ಟಿಗೆಯ ಹಿಂಬಾಗಿಲು ಬಿಚ್ಚಿ, ಬಿಗಿಯ ಗುಂಡಿಯನ್ನು ಸಡಿಲಕ್ಕೆ ಸರಿಸಿ, ಆಡು ಎನ್ನುತ್ತಾರೆ. ದುರುಗಪ್ಪ ಹೆದರುತ್ತಲೇ ಬಲಗೈ ಹಿಡಿಕೆಯ ಮೇಲಿಡುತ್ತಾನೆ. ಮೊದಲ ಜೀವ ಹೋಗುವುದೇ ಇಲ್ಲ. ಅವನ ಬಾಯಿ ತೆರೆದುಕೊಳ್ಳುತ್ತದೆ, ಮೈ ಸಡಿಲವಾಗುತ್ತದೆ, ಹಳೆಯ ಉಸ್ತಾದ್ ವಾಪಸು ಬರುತ್ತಾನೆ. ಶೇಕ್ಷಾವಲಿ ಮಿಷಿನ್ ಆರಿಸಿ, ಗುಂಡಿ ಮತ್ತೆ ಬಿಗಿಗೆ ಸರಿಸಿ, ಹಚ್ಚಿ, ಈಗ ಆಡು ಎನ್ನುತ್ತಾರೆ. ಮೂರೂ ಜೀವ ನೋಡನೋಡುತ್ತ ಹೋಗುತ್ತವೆ.

“ನಿನ್ನ ಕೈಗೆ ಏನೂ ಆಗಿಲ್ಲ ದುರುಗಪ್ಪ. ನಾ ಬಿಗಿ ಮಾಡಿದ್ದೆ” ಎಂದು ಹೇಳಿ ಶೇಕ್ಷಾವಲಿ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಏಟು ಬೀಳುತ್ತದೆ ಎಂದು ನಾನೂ ಕಾಯುತ್ತೇನೆ. ಬೀಳುವುದಿಲ್ಲ. ದುರುಗಪ್ಪ ತನ್ನ ಅಂಗೈಯನ್ನು ತಿರುಗಿಸಿ ಮುರುಗಿಸಿ ನೋಡುತ್ತಾನೆ.

“ಹೆಣ್ತಿ ದಿನಾ ತುತ್ತು ಮಾಡಿ ಉಣಿಸಾಕತ್ತಾಳಲೇ ನನಗ. ಕೂಸಿಗೆ ಉಣಿಸಿದಂಗ” ಎನ್ನುತ್ತಾನೆ. ಆಮೇಲೆ, “ನಿನಗ ಗೊತ್ತಿತ್ತು.”

ಅಷ್ಟೇ ಹೇಳಿ ಹೊರಟುಹೋಗುತ್ತಾನೆ. ಗಿರಣಿಯ ಮುಂದೆ ಲಾರಿ ತುಂಬುತ್ತಿದೆ. ಹಲಗೆಯ ಬುಡದಲ್ಲಿ ನಿಂತು, ಚೀಲಗಳ ಕಡೆ ನೋಡುತ್ತಾನೆ. ಕೈ ನೆಟ್ಟಗಿದೆ ಎಂದು ಗೊತ್ತಾದರೂ ಚೀಲಕ್ಕೆ ಕೈ ಹಾಕುವ ಧೈರ್ಯ ಅವನಿಗಿನ್ನೂ ಬಂದಿಲ್ಲ.

ಅಷ್ಟರಲ್ಲಿ ಗೊಬ್ಬರದ ಅಂಗಡಿಯಿಂದ ಹಂಪಣ್ಣ ಬರುತ್ತಾರೆ. ಅವರೇನೂ ಕೆಟ್ಟ ಮನುಷ್ಯರಲ್ಲ. ಎಲ್ಲ ಊರಿನಲ್ಲೂ ನಡೆಯುವುದು ಹೀಗೆಯೇ, ಹುಡುಗರು ಬೇಗ ಸೋತರೆ ಬೇಗ ಮನೆಗಾದರೂ ಹೋಗುತ್ತಾರೆ ಎಂದು ಸಮಾಧಾನ ಹೇಳುತ್ತಾರೆ. ಶೇಕ್ಷಾವಲಿ ಬಿಗಿಯನ್ನು ಸಡಿಲಿಸಿ, ಹಿಂಬಾಗಿಲು ಮುಚ್ಚಿ, ಇನ್ನು ಮೇಲೆ ಬೇರೆಯವರನ್ನು ನೋಡಿಕೊಳ್ಳಿ ಎಂದು ಮಳಿಗೆಯ ಕೀಲಿಕೈ ಅವರ ಕೈಗಿಡುತ್ತಾರೆ. ನಾಳೆ ಆ ಗುಂಡಿಯನ್ನು ಇನ್ನೊಬ್ಬ ಸರಿಸುವುದಿಲ್ಲ ಎಂದು ನಾನು ಹೇಳಲಾರೆ.

ಮನೆಯಲ್ಲಿ ಪೀರ್‌ಬೀ ಜೋಳ ಹಸನು ಮಾಡುತ್ತ ಕುಳಿತಿದ್ದಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಮಗನನ್ನು ಕಂಡು, ಮೈಗೆ ಹುಷಾರಿಲ್ಲವೇನೋ ಎಂದು ಹಣೆ ಮುಟ್ಟಲು ಕೈ ಚಾಚುತ್ತಾರೆ. ಶೇಕ್ಷಾವಲಿ ಹಿಂದೆ ಸರಿದು, ನೆಲಕ್ಕೆ ಕುಳಿತು, ತಲೆ ತಗ್ಗಿಸಿ ಎಲ್ಲವನ್ನೂ ಹೇಳುತ್ತಾರೆ. ಗುಂಡಿ, ವಿಮಾನ ಎಂದರೆ ಆ ಮುದುಕಿಗೆ ಎಷ್ಟು ತಿಳಿಯಿತೋ. ದುರುಗಪ್ಪನ ಕೈ ಎಂದದ್ದು ಮಾತ್ರ ಚೆನ್ನಾಗಿ ತಿಳಿದಿದೆ. ಜೋಳದ ಮೊರ ಪಕ್ಕಕ್ಕೆ ಸರಿಸುತ್ತಾರೆ.

“ಖುದಾನ ಹೆಸರ ತಗೊಂಡು ಊದೀನಲ್ಲೋ” ಎನ್ನುತ್ತಾರೆ. “ನಿನ್ನ ಸುಳ್ಳಿಗೆ ನನ್ನ ಬಾಯಿಲೆ ಊದಿಸಿದಿ. ಮಸ್ಕಿಯವ್ರು ಬಂದಾರ, ಲಿಂಗಸುಗೂರಿನವ್ರು ಬಂದಾರ. ನಾ ಯಾರ ಹೆಸರೂ ಕೇಳಿಲ್ಲ. ಅವರನ್ನೆಲ್ಲಾ ಎಲ್ಲಿ ಹುಡುಕ್ಲಿ ಈಗ?”

ಇಂಥ ಲೇಖನದ ಕೊನೆಗೆ ನಾವು ಕೇಳುವ ಮಾತೊಂದಿದೆ, ನಿಮ್ಮ ಆಸೆ ಏನು ಎಂದು. ಇವತ್ತು ಅದನ್ನು ಕೇಳಲು ನನಗೆ ಬಾಯಿ ಬರುವುದಿಲ್ಲ. ಶೇಕ್ಷಾವಲಿಯೇ ತಲೆ ಎತ್ತಿ, ನಿಮ್ಮ ಪೇಪರು ಮೂರೂ ಊರಿಗೆ ಬರುತ್ತದೆಯೇ ಎಂದು ಕೇಳುತ್ತಾರೆ. ಬರುತ್ತದೆ ಎನ್ನುತ್ತೇನೆ.

“ಹಂಗಾರ ನನ್ನ ಕೆಲಸದ್ದು ಬರೀಬ್ಯಾಡ್ರಿ. ಆಡಿ ಸೋತವ್ರೆಲ್ಲಾ ಓದಂಗ ಬರೀರಿ. ನಿಮ್ಮ ಕೈ ನೆಟ್ಟಗ ಅದಾವು ಅಂತ ಬರೀರಿ. ಕೆಡಿಸಿದಾವ ಶೇಕ್ಷಾವಲಿ, ಪೀರ್‌ಬೀ ಮಗ, ಅಂತ ಹೆಸರ ಹಾಕ್ರಿ.”