ಮಧ್ಯಾಹ್ನದ ಸೆಮಿಫೈನಲ್

ಕೆಲವು ವರ್ಷಗಳ ಹಿಂದಿನ ಮಾರ್ಚ್ ತಿಂಗಳು. ನಾನಾಗ ಹೊಸಂಗಡಿಯ ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಮಂಜೇಶ್ವರದ ಬಳಿ ನಡೆದ ಕಾಲೇಜು ಹುಡುಗಿಯರ ಬಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಪ್ರಥಮ ಚಿಕಿತ್ಸೆಯ ಡ್ಯೂಟಿ ನನ್ನ ಪಾಲಿಗೆ ಬಂತು. ಲೀಗ್ ಮುಗಿದು, ಮೇಲಿನ ನಾಲ್ಕು ತಂಡಗಳ ನಾಕೌಟ್ ಹಂತ ಅದು. ಸೋತವರಿಗೆ ಆ ವರ್ಷದ ಆಟ ಅಲ್ಲಿಗೇ ಮುಗಿಯಿತು. ಸಂಜೆಯೊಳಗೆ ಫೈನಲ್ ಆಗಬೇಕೆಂದು ಎರಡನೇ ಸೆಮಿಫೈನಲನ್ನು ನಡುಮಧ್ಯಾಹ್ನಕ್ಕೆ ಇಟ್ಟಿದ್ದರು. ಬಯಲು ಕೋರ್ಟ್, ಸಿಮೆಂಟಿನ ನೆಲ, ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ.

ರಂಜಾನಿನ ದಿನಗಳು. ಒಂದು ತಂಡದ ನಸೀಮಾ ಉಪವಾಸವಿದ್ದೇ ಆಡುತ್ತಿದ್ದಳು. ಅವರ ಕೋಚ್ ಸದಾಶಿವ ಮಾಸ್ಟ್ರು ಮೊದಲೇ ಬಂದು, "ಸಿಸ್ಟರ್, ಆ ಹುಡುಗಿಯ ಮೇಲೆ ಒಂದು ಕಣ್ಣಿರಲಿ, ಆಯ್ತಾ?" ಎಂದಿದ್ದರು. ಅವರೂ ಅವಳನ್ನು ಆಗಾಗ ಹೊರಗೆ ಕರೆದು ನೆರಳಿನಲ್ಲಿ ಕೂರಿಸುತ್ತಿದ್ದರು.

ಕೊನೆಯ ಕ್ವಾರ್ಟರ್‌ನಲ್ಲಿ ಅದೇ ತಂಡದ ಸ್ವಾತಿ ಚೆಂಡು ಹಿಡಿದು ಹಿಂದಕ್ಕೆ ಓಡಿ, ತಮ್ಮದೇ ಬಾಸ್ಕೆಟಿಗೆ ಹಾಕಿದಳು. ಸುತ್ತ ನಿಂತವರು ಗೊಳ್ಳೆಂದು ನಕ್ಕರು. "ಎಂತ ಮಾರಾಯ್ತಿ, ನೀನು ಯಾರ ಟೀಮು?" ಎಂದು ಯಾರೋ ಕೂಗಿದರು. ಸ್ವಾತಿಯೂ ನಕ್ಕಳು, ಆದರೆ ಅವಳ ನೋಟ ಯಾರ ಮೇಲೂ ನಿಂತಿರಲಿಲ್ಲ. ನಾನು ಎದ್ದು ಕೋರ್ಟಿಗೆ ಇಳಿಯುವಷ್ಟರಲ್ಲಿ ಬಿದ್ದಳು.

ಮೈ ಕಾದ ಕಾವಲಿ. ಹೆಸರು ಕೇಳಿದರೆ ಉತ್ತರವಿಲ್ಲ. ಹೀಟ್ ಸ್ಟ್ರೋಕ್ ಎಂದರೆ ಇದೇ: ದೇಹಕ್ಕೆ ತನ್ನ ಬಿಸಿಯನ್ನು ಹೊರಹಾಕಲಾಗದೆ ಒಳಗಿನ ಅಂಗಗಳು ಕೆಡತೊಡಗುತ್ತವೆ. ಮಾಸ್ಟ್ರು ಕಾರು ತಂದರು.

"ಸಿಸ್ಟರ್, ಮಂಗಳೂರಿಗೆ ಹೋಗುವ, ಬೇಗ ಹತ್ತಿಸಿ!"

"ಮೊದಲು ತಣಿಸಬೇಕು ಮಾಸ್ಟ್ರೇ. ಆಂಬ್ಯುಲೆನ್ಸಿಗೆ ಫೋನ್ ಮಾಡಿ. ಅದು ಬರುವವರೆಗೆ ನೀರು, ಐಸ್, ಇದ್ದದ್ದೆಲ್ಲ ತನ್ನಿ."

ಹುಡುಗಿಯರು ಬೆಂಚಿನಿಂದ ಬಾಟಲಿಗಳನ್ನು ತಂದು ಸುರಿಯತೊಡಗಿದರು. ಒಂದರ ಸೀಲೂ ಒಡೆದಿರಲಿಲ್ಲ.

"ಇದೆಂತ, ಯಾರೂ ಕುಡೀಲಿಲ್ವಾ?"

"ನಸೀಮಾನ ಎದುರು ಹೇಗೆ ಕುಡಿಯುವುದು ಸಿಸ್ಟರ್?" ಎಂದಳು ಕ್ಯಾಪ್ಟನ್. "ಬೆಂಚಲ್ಲಿ ಕುಡಿಯುವುದು ಬೇಡ ಅಂತ ನಾವೇ ಮಾತಾಡಿಕೊಂಡದ್ದು."

ಉಳಿದವರು ಹಾಫ್ ಟೈಮಿನಲ್ಲಿ ನಳ್ಳಿಯ ಹತ್ತಿರ ಹೋಗಿ ಕುಡಿದು ಬಂದಿದ್ದರು. ಸ್ವಾತಿ ಮಾತ್ರ ಗೆಳತಿ ನಸೀಮಾಳನ್ನು ಬಿಟ್ಟು ಏಳಲಿಲ್ಲವಂತೆ. ನಸೀಮಾಳಿಗೆ ವಿಶ್ರಾಂತಿ ಸಿಕ್ಕಾಗಲೆಲ್ಲ ಅವಳ ಪಾಲಿನ ಓಟವನ್ನೂ ಸ್ವಾತಿಯೇ ಓಡಿದ್ದಳು.

ನಸೀಮಾ ಐಸ್ ತುಂಡನ್ನು ಸ್ವಾತಿಯ ಕುತ್ತಿಗೆಗೆ ಒತ್ತಿ ಹಿಡಿದಿದ್ದಳು. "ನಾನು ಕುಡೀಬೇಡ ಅಂತ ಹೇಳ್ಲೇ ಇಲ್ಲ ಸಿಸ್ಟರ್. ನಂಗೆ ಗೊತ್ತೇ ಇರ್ಲಿಲ್ಲ."

ಆಂಬ್ಯುಲೆನ್ಸ್ ಬರುವಾಗ ಮೈಬಿಸಿ ಸ್ವಲ್ಪ ಇಳಿದಿತ್ತು. ನಮಗೆ ಆಸೆ ಹುಟ್ಟಿತು. ಆದರೆ ಆಸ್ಪತ್ರೆಯಲ್ಲಿ ಮೊದಲು ಕಿಡ್ನಿ, ಆಮೇಲೆ ಲಿವರ್ ಕೈಕೊಟ್ಟವು. ಆ ವಾರ ಮುಗಿಯುವ ಮೊದಲೇ ಸ್ವಾತಿ ತೀರಿಕೊಂಡಳು. ಫೈನಲ್ ನಡೆಯಲಿಲ್ಲ.

ಕಷ್ಟ ಎದ್ದು ಕಾಣುವವರನ್ನು ಎಲ್ಲರೂ ವಿಚಾರಿಸುತ್ತಾರೆ. ಅವರ ಪಕ್ಕ ಸುಮ್ಮನೆ ಕೂತವರನ್ನೂ ವಿಚಾರಿಸುವುದು ನರ್ಸಿನ ಕೆಲಸ ಎಂದು ನಾನು ಕಲಿತದ್ದು ಅಲ್ಲಿ. ಮರುವರ್ಷದ ಪಂದ್ಯಾವಳಿಯೂ ರಂಜಾನಿನಲ್ಲೇ ಬಂತು. ನಸೀಮಾ ಆಡಲಿಲ್ಲ, ಬೆಂಚಿನ ಬಳಿ ನಿಂತಿದ್ದಳು. ಹೊಸ ಹುಡುಗಿಯೊಬ್ಬಳು ಅವಳಿಗೆ ಬೆನ್ನು ಹಾಕಿ ನೀರಿನ ಬಾಟಲಿಗೆ ಬಾಯಿ ಇಟ್ಟಳು. ನಸೀಮಾ ಅವಳ ಭುಜ ಹಿಡಿದು ತನ್ನ ಕಡೆಗೆ ತಿರುಗಿಸಿದಳು.

"ನನ್ನ ಎದುರೇ ಕುಡಿ ಮಾರಾಯ್ತಿ. ನಂಗೆ ಕಾಣ್ಬೇಕು."