ಕೈ ಉರಿಸದ ನೀರು

ನಮ್ಮ ಸಿಗಡಿ ಫ್ಯಾಕ್ಟರಿಯಿಂದ ಹೊರದೇಶಕ್ಕೆ ಹೋದ ಮಾಲು ಏಕೆ ತಿರಸ್ಕೃತವಾಯಿತು ಎಂದು ಹೆಮ್ಮಾಡಿಯಲ್ಲಿ ಯಾರನ್ನೇ ಕೇಳಿ, "ಆ ಹೆಂಗ್ಸಿನ ಕೈಯಗೆ ರೋಗಾಣು ಇದ್ದಿತ್" ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಸಿಪ್ಪೆ ಸುಲಿಯುವ ಶೆಡ್ಡಿನಲ್ಲಿ ಅರವತ್ತು ಹೆಂಗಸರಿದ್ದರು. ಸುದ್ದಿ ಬಂದ ದಿನ ಹತ್ತಿಕಡ್ಡಿಯಿಂದ ಒರೆಸಿ ಪರೀಕ್ಷಿಸಿದ್ದು ನಾಲ್ವರ ಕೈಗಳನ್ನು ಮಾತ್ರ. ಒಬ್ಬಳಲ್ಲಿ ಸಿಕ್ಕಿತು. ಉಳಿದ ಐವತ್ತಾರು ಮಂದಿಯ ಕೈ ಶುದ್ಧ ಎಂದದ್ದು ಯಾವ ಆಧಾರದ ಮೇಲೆ? ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇಂಥ ವಾದ ತಂದವರನ್ನು ಎರಡೇ ನಿಮಿಷದಲ್ಲಿ ಕೂರಿಸುತ್ತಿದ್ದೆ. ಇಲ್ಲಿ ಆ ನಾಲ್ವರ ಕೈ ಒರೆಸಿದವಳು ನಾನೇ.

ಬಿ.ಎಸ್ಸಿ. ಮುಗಿಸಿ ಅಲ್ಲಿಯ ಲ್ಯಾಬಿಗೆ ಸೇರಿ ವರ್ಷವಾಗಿತ್ತು. ಹೆಂಗಸರು ಕೈ ಅದ್ದುವ ತೊಟ್ಟಿಗೆ ಹಾಕುವ ಕ್ಲೋರಿನ್ನನ್ನು ಪರೀಕ್ಷಿಸುವುದು ನನ್ನ ಕೆಲಸ. ಶುದ್ಧ ನೀರಿಗೆ ಕ್ಲೋರಿನ್ ಬೆರೆಸಿ, ಅದಕ್ಕೆ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಬಿಡುತ್ತಿದ್ದೆ. ಆ ನೀರಿನ ಹನಿಯನ್ನು ರೋಗಾಣು ಬೆಳೆಸುವ ಗಾಜಿನ ತಟ್ಟೆಗೆ ಹಾಕಿಟ್ಟರೆ, ಬದುಕುಳಿದವು ಮರುದಿನ ಚುಕ್ಕೆಗಳಾಗಿ ಕಾಣಬೇಕು; ಒಂದು ಚುಕ್ಕೆಯೂ ಇರುತ್ತಿರಲಿಲ್ಲ. "ಪರಿಣಾಮಕಾರಿ" ಎಂದು ಬರೆಯುತ್ತಿದ್ದೆ.

ಕೈಗಳ ಫಲಿತಾಂಶ ತಿಳಿದ ಸಂಜೆ, ರೋಗಾಣು ಸಿಕ್ಕಿದ್ದ ಆ ಹೆಂಗಸು ಲ್ಯಾಬಿನ ಬಾಗಿಲಿಗೆ ಬಂದಳು. ಬೆರಳ ಸಂದುಗಳಲ್ಲಿ ಚರ್ಮ ಬಿಳಿಚಿಕೊಂಡು ಸುಲಿದಿತ್ತು. ಮನೆಯ ಹುಡುಗಿಯನ್ನು ಕರೆಯುವ ಹಾಗೆ ಕರೆದಳು.

"ಹೆಣೇ, ನಾ ಅರ್ಧ ಗಂಟೆಗೊಂದ್ ಸಲ ತೊಟ್ಟಿಯಗೆ ಕೈ ಅದ್ದುವವ್ಳ್. ಕಾಣ್!"

"ಉರಿತ್ತಾ ಅಕ್ಕ?"

"ಬೆಳಿಗ್ಗೆ ಉರಿತ್ತ್, ಜೀವ ಹೋಪಷ್ಟ್. ಹತ್ತ್ ಗಂಟೆ ಮೇಲೆ ಎಂತ ಇಲ್ಲ. ಹಳೆ ನೀರ್ ಪಾಪದ್ದ್, ಎಂತ ಮಾಡುದಿಲ್ಲ ಮರಾಯ್ತಿ. ಅದ್ಕೇ ನಾವ್ ಯಾರೂ ನೀರ್ ಬದಲ್ಸುಕ್ ಹೇಳುದಿಲ್ಲ."

ಕೈ ಉರಿಸದ ನೀರು ಬ್ಯಾಕ್ಟೀರಿಯಾವನ್ನು ಕೊಂದೀತೇ? ಸಿಗಡಿಯ ಲೋಳೆ ಸೇರಿದಂತೆಲ್ಲ ಕ್ಲೋರಿನ್ ಅದಕ್ಕೇ ಖರ್ಚಾಗಿಬಿಡುತ್ತದೆ. ವರ್ಷವಿಡೀ ನಾನು ಪರೀಕ್ಷಿಸಿದ್ದು ಯಾರೂ ಕೈ ಅದ್ದದ ನೀರನ್ನು.

ತೀರ್ಮಾನವಾಗುವವರೆಗೆ ಅವಳನ್ನು ಶೆಡ್ಡು ಗುಡಿಸುವ ಕೆಲಸಕ್ಕೆ ಹಾಕಿದ್ದರು. ಮರುದಿನ ಹನ್ನೊಂದಕ್ಕೆ, ಅವಳ ಎದುರೇ, ತೊಟ್ಟಿಯ ನೀರನ್ನು ಬಾಟಲಿಗೆ ತುಂಬಿಕೊಂಡೆ. ಅದಕ್ಕೂ ಅದೇ ಬ್ಯಾಕ್ಟೀರಿಯಾ ಬಿಟ್ಟೆ. ದಿನ ಕಳೆದು ನೋಡಿದರೆ ತಟ್ಟೆಯ ತುಂಬ ನುಚ್ಚಕ್ಕಿ ಚೆಲ್ಲಿದಂತೆ ಚುಕ್ಕೆಗಳು. ಲ್ಯಾಬಿನ ಮುಖ್ಯಸ್ಥರ ಮುಂದಿಟ್ಟೆ.

"ಇದ್ ಮಾಡುಕ್ ಯಾರ್ ಹೇಳಿದ್ ನಿಂಗೆ?"

"ಸರ್, ತಪ್ಪ್ ನೀರಿಂದ್. ಅವ್ರ ಕೈಯಿಂದಲ್ಲ."

"ನೀರಿಂದ್ ಅಂತ ಬರ್ದ್ರೆ ಫ್ಯಾಕ್ಟರಿ ಬಾಗಿಲ್ ಹಾಕ್ಕ್. ಕೈಯಿಂದ್ ಅಂತ ಬರ್ದ್ರೆ ಒಬ್ಳ್ ಮನೆಗ್ ಹೋಯ್ಕ್, ಅಷ್ಟೇ. ದೊಡ್ಡ ಡಿಬೇಟ್ ಮಾಡುವವ್ಳ್ ಅಲ್ದಾ? ನೀನೇ ಹೇಳ್, ಯಾವ್ದ್ ಸಣ್ಣ ನಷ್ಟ?"

ಗಂಟೆಗೊಮ್ಮೆ ನೀರು ಬದಲಿಸಿದರೆ ಯಾವ ನಷ್ಟವೂ ಇಲ್ಲ ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಆದರೂ "ಕೆಲಸಗಾರ್ತಿಯ ಕೈ" ಎಂದು ಬರೆದ ವರದಿಗೆ ಸಹಿ ಹಾಕಿದೆ. ಅವಳನ್ನು ಕೆಲಸದಿಂದ ತೆಗೆದರು. ಮರುವಾರದಿಂದ, ಮುಖ್ಯಸ್ಥರದೇ ಅಪ್ಪಣೆಯಂತೆ, ತೊಟ್ಟಿಯ ನೀರು ಗಂಟೆಗೊಮ್ಮೆ ಬದಲಾಗತೊಡಗಿತು. ಯಾಕೆಂದು ಯಾರೂ ಕೇಳಲಿಲ್ಲ.

ಬೈಂದೂರಿನವರೆಗೆ ಯಾವ ಮೀನಿನ ಶೆಡ್ಡಿನಲ್ಲೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಎರಡು ತಿಂಗಳ ಮೇಲೆ ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡೇ ಮಾತಾಡಿದಳು.

"ಮನೆಯಗೆ ಮಕ್ಳಿಗ್ ಅನ್ನ ಬಡ್ಸುಕೂ ಸೊಸಿ ಬಿಡುದಿಲ್ಲ ಈಗ." ನನ್ನ ಮುಖ ನೋಡಿದಳು. "ಅವತ್ತ್ ನೀನ್ ಬಾಟ್ಲಿಯಗೆ ನೀರ್ ತಕಂಡ್ ಹೋದ್ಯಲ್ಲ, ಅದ್ರಗೆ ಎಂತ ಸಿಕ್ತ್ ಹೆಣೇ?"